ಇಪ್ಪತ್ತೊಂದು ದಿನದ ಆಕ್ಷೇಪಣೆ

ಮೊನ್ನೆ ನಮ್ಮ ಸದಾಶಿವನಗರದ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಗೂಡ್ಸ್ ಆಟೊ ಓಡಿಸುತ್ತಾನೆ. ಹೆಂಡತಿಯ ತವರು ಗುಬ್ಬಿ ಕಡೆ, ಮಾವನಿಗೆ ಎರಡು ಎಕರೆ ತೆಂಗಿನ ತೋಟ. ತುಮಕೂರಿನ ಸುತ್ತ ಇನ್ನೊಂದು ಬೈಪಾಸ್ ಬರುತ್ತದೆ, ಬಂದರೆ ತೋಟದ ಮೇಲೇ ಹೋಗುತ್ತದೆ ಎಂದು ಯಾರೋ ತಲೆಗೆ ತುಂಬಿದ್ದಾರೆ. "ಆಂಟಿ, ನೀವು ಮೊದ್ಲು ಡೀಸಿ ಆಫೀಸ್ ಹತ್ರ ಟೈಪಿಂಗ್ ಮಾಡ್ತಿದ್ರಂತೆ. ಇದೊಂದು ಸ್ವಲ್ಪ ನೋಡ್ಬಿಡಿ" ಎಂದು ಮೊಬೈಲ್ ಕೈಗಿಟ್ಟ. ಅರ್ಜಿಯನ್ನು ಮೊಬೈಲಿನಿಂದಲೇ ಬರೆಸಿಕೊಂಡು ಬಂದಿದ್ದಾನೆ. ಒಂದೂವರೆ ಪುಟ. ಪರಿಸರ ಸಮತೋಲನ, ಅಂತರ್ಜಲ, ಮುಂದಿನ ಪೀಳಿಗೆ, ಸುಸ್ಥಿರ ಅಭಿವೃದ್ಧಿ, ಎಲ್ಲ ಇತ್ತು. ಸರ್ವೆ ನಂಬರ್ ಮಾತ್ರ ಇರಲಿಲ್ಲ.

ನಮ್ಮ ರೈಟರು ಇದ್ದಿದ್ದರೆ ಎರಡನೇ ಸಾಲಿಗೆ ಕನ್ನಡಕ ತೆಗೆದಿಟ್ಟು "ಪಹಣಿ ತಂದಿದೀಯೇನಪ್ಪ?" ಎನ್ನುತ್ತಿದ್ದರು.

ಎಲ್ಲರೂ ಅವರನ್ನು ರೈಟರು ಎಂದೇ ಕರೆಯುತ್ತಿದ್ದದ್ದು. ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಸಣ್ಣ ಜಾಬ್ ಟೈಪಿಂಗ್ ಅಂಗಡಿ ಇಟ್ಟಿದ್ದರು. ಒಂದು ಇಂಗ್ಲಿಷ್ ಮಷೀನು, ಒಂದು ಕನ್ನಡ ಮಷೀನು, ಅರ್ಜಿ ಕೊಡಲು ಬಂದವರಿಗೆ ಒಂದು ಬೆಂಚು. ಪಿಯುಸಿ ಮುಗಿಸಿ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದ ನಾನು ಕನ್ನಡ ಮಷೀನಿನ ಮುಂದೆ ಕೂತೆ. 2000ರ ಆಸುಪಾಸು. ಕಂಪ್ಯೂಟರು ಆಗಲೇ ಊರಿಗೆ ಬಂದಿತ್ತು, ಆದರೆ ಅರ್ಜಿಗೆ ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆಯುವುದೇ ಅಗ್ಗ.

ನನ್ನ ಅದೃಷ್ಟ ನೋಡಿ, ಹೋದ ಕಾಲವೇ ಚತುಷ್ಪಥದ್ದು. ವಾಜಪೇಯಿ ಸರ್ಕಾರದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಚೆನ್ನೈ–ಮುಂಬೈ ಭಾಗ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ನಮ್ಮವರ ಬಾಯಲ್ಲಿ ಪೂನಾ ರಸ್ತೆ, ಸರ್ಕಾರದ ಲೆಕ್ಕದಲ್ಲಿ ಆಗ ರಾಷ್ಟ್ರೀಯ ಹೆದ್ದಾರಿ 4, ಈಗ 48. ನೆಲಮಂಗಲದಿಂದ ತುಮಕೂರು, ಶಿರಾ ದಾಟಿ ಹಿರಿಯೂರಿನ ತನಕ ರಸ್ತೆಯ ಎರಡೂ ಕಡೆ ಸರ್ವೆಯವರ ಕಲ್ಲು ಬಿದ್ದವು. ನಮ್ಮ ಅಂಗಡಿಯ ಬೆಂಚಿನಲ್ಲಿ ಜಾಗ ಸಾಲದಾಯಿತು. ದಿನವಿಡೀ ನಾನು ಹೊಡೆಯುತ್ತಿದ್ದದ್ದು 'ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ'. ಆ 'ಷ್ಟ್ರೀ' ಇದೆಯಲ್ಲ, ಕನ್ನಡ ಟೈಪಿಸ್ಟಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒತ್ತಿನ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಸಂಜೆಯ ಹೊತ್ತಿಗೆ ಶಿಫ್ಟ್ ಒತ್ತಿ ಒತ್ತಿ ಕಿರುಬೆರಳು ಬಾತುಕೊಂಡಿರುತ್ತಿತ್ತು. ಒಂದು ಬೆಳಿಗ್ಗೆ ನಾನು ಬೇಸತ್ತು 'ರಾ.ಹೆ.ಪ್ರಾ.' ಎಂದು ಹೊಡೆದೆ. ರೈಟರು ಹಾಳೆ ಎಳೆದು ಹಾಕಿ, "ಜಮೀನು ಪೂರ್ತಿ ಹೋಗ್ತದೆ ಕಣಮ್ಮ, ಹೆಸರೂ ಪೂರ್ತಿ ಇರ್ಲಿ" ಎಂದರು.

ಕಾನೂನು ಅವರಿಗೆ ಬಾಯಿಪಾಠ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ 1997ರಲ್ಲಿ ತಿದ್ದುಪಡಿ ತಂದು ಭೂಸ್ವಾಧೀನಕ್ಕೆ ಅದರೊಳಗೇ ಬೇರೆ ದಾರಿ ಮಾಡಿದ್ದರು. ಮೊದಲು ತ್ರೀ ಎ ಎಂಬ ಅಧಿಸೂಚನೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಕನ್ನಡದ್ದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಆಮೇಲೆ ತ್ರೀ ಡಿ. ಅದು ಆಯಿತೆಂದರೆ ಭೂಮಿ ಕೇಂದ್ರ ಸರ್ಕಾರದ್ದು, ಬೆಳೆ ನಿಂತಿದ್ದರೂ ಸರಿ. ಉಳಿದದ್ದು ದುಡ್ಡಿನ ಮಾತು.

ಈ 21 ದಿನ ಎಂಬುದು ಹಳ್ಳಿಯ ಕಡೆ ಎಷ್ಟು ಸಣ್ಣದು ಎಂದು ಆ ಬೆಂಚಿನ ಮೇಲೆ ಕೂತವರನ್ನು ನೋಡಿದರೆ ತಿಳಿಯುತ್ತಿತ್ತು. ಒಬ್ಬ ಯಜಮಾನರು ಎಣ್ಣೆ ಹೀರಿದ ಪೇಪರ್ ತುಂಡೊಂದನ್ನು ತಂದಿದ್ದರು. ಹೋಟೆಲಿನಲ್ಲಿ ಬೋಂಡಾ ಕಟ್ಟಿಕೊಟ್ಟ ಹಾಳೆ. ಮನೆಗೆ ಹೋಗಿ ಬಿಚ್ಚಿದರೆ ಅದರಲ್ಲಿ ಅವರ ಊರಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಸರ್ವೆ ನಂಬರುಗಳ ಸಾಲು. ಮೊಮ್ಮಗನ ಕೈಲಿ ಓದಿಸಿದ್ದಾರೆ. ರೈಟರು ತಾರೀಖು ಹುಡುಕಿದರು. ತಾರೀಖಿದ್ದ ಮೂಲೆ ಹರಿದು ಹೋಗಿತ್ತು. ಸರಿ, ಗ್ರಂಥಾಲಯಕ್ಕೆ ಹೋಗಿ ಹಳೇ ಪೇಪರ್ ಕಟ್ಟು ತಿರುವಿ ತಾರೀಖು ಬರೆದುಕೊಂಡು ಬರುವ ಕೆಲಸ ನನಗೆ ಬಂತು.

ಆ ಅರ್ಜಿಗಳನ್ನು ಈಗ ನೆನೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೆದ್ದಾರಿ ವಿರೋಧಿ ಹೋರಾಟ, ರೈತರ ಪ್ರತಿಭಟನೆ, ರಸ್ತೆ ತಡೆ ಎಂದೆಲ್ಲ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ನಾನೂ ಹಾಗೆಯೇ ಅಂದುಕೊಂಡು, ದೊಡ್ಡದೊಂದು ಚಳವಳಿಯ ಗುಮಾಸ್ತೆ ನಾನು ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಆದರೆ ರಸ್ತೆ ಬೇಡ ಎಂದು ಬರೆಸಿದವರು ಒಬ್ಬರೂ ನೆನಪಿಗೆ ಬರುತ್ತಿಲ್ಲ. ಕ್ಯಾತ್ಸಂದ್ರದ ಕಡೆಯ ಒಬ್ಬರನ್ನು ನಾನೇ ಕೇಳಿದ್ದೆ, ರಸ್ತೆಯೇ ಬೇಡ ಅಂತ ಹೊಡೀಲಾ ಎಂದು. ಅವರು ಗಾಬರಿಯಾದರು. "ಅಯ್ಯೋ, ರಸ್ತೆ ಬೇಡ ಅಂದೋರ್ಯಾರು ತಾಯಿ? ರಸ್ತೆ ಬೇಕು. ಒಂದಿಪ್ಪತ್ತಡಿ ಆಚೆಗೋಗ್ಲಿ ಅಂತ ಬರಿ." ಆಚೆಗಿರುವುದು ಯಾರ ಹೊಲ ಎಂದರೆ ಅವರ ದಾಯಾದಿಯದು. ಎರಡು ದಿನ ಬಿಟ್ಟು ಆ ದಾಯಾದಿಯೂ ಅದೇ ಬೆಂಚಿನಲ್ಲಿ ಕೂತು ರಸ್ತೆ ಇಪ್ಪತ್ತಡಿ ಈಚೆಗೆ ಬರಲಿ ಎಂದು ಬರೆಸಿಕೊಂಡು ಹೋದ. ರೈಟರು ಇಬ್ಬರ ಹತ್ತಿರವೂ ಒಂದೇ ರೇಟು ತೆಗೆದುಕೊಂಡರು, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲಿಲ್ಲ.

ಚೇಷ್ಟೆಗಳೂ ಇದ್ದವು. ಸರ್ವೆಯವರು ಬಂದು ಹೋದ ವಾರದೊಳಗೆ ಖಾಲಿ ಹೊಲದಲ್ಲಿ ತೆಂಗಿನ ಸಸಿಗಳು ಏಳುತ್ತಿದ್ದವು. ಮರಕ್ಕಿಷ್ಟು, ಬಾವಿಗಿಷ್ಟು, ಕೊಟ್ಟಿಗೆಗಿಷ್ಟು ಎಂದು ಕಟ್ಟುತ್ತಾರಲ್ಲ, ಅದಕ್ಕೆ. ನೀರು ಕಾಣದ ಬಾವಿಗೆ ಹಗ್ಗ, ರಾಟೆ ಹೊಸದಾಗಿ ಬರುತ್ತಿತ್ತು. ಇವರನ್ನು ಮೋಸಗಾರರು ಎಂದು ಬೈಯಲು ನನ್ನ ನಾಲಗೆ ಏಳುವುದಿಲ್ಲ. ಆ ಹೆದ್ದಾರಿ ಕಾಯ್ದೆಯಲ್ಲಿ ಸೊಲೇಷಿಯಂ, ಅಂದರೆ ಬೆಲೆಯ ಮೇಲೆ ಕೊಡುವ ಸಾಂತ್ವನದ ದುಡ್ಡು, ಎಂಬುದೇ ಇರಲಿಲ್ಲ. 1894ರ ಬ್ರಿಟಿಷರ ಕಾಯ್ದೆಯಲ್ಲಿ ಭೂಮಿ ಹೋದರೂ ಮೇಲೆ ನೂರಕ್ಕೆ 30 ಸಿಗುತ್ತಿತ್ತು. ಹೆದ್ದಾರಿಗೆ ಹೋದವರಿಗೆ ಅದೂ ಇಲ್ಲ. ಅದು ಅನ್ಯಾಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2019ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ನಾನು ಅರ್ಜಿ ಹೊಡೆದುಕೊಟ್ಟ ಮುದುಕರಲ್ಲಿ ಎಷ್ಟು ಜನ ಇದ್ದರೋ.

ಒಬ್ಬ ಅಜ್ಜಿ ಮಾತ್ರ ದುಡ್ಡಿನ ಲೆಕ್ಕಕ್ಕೆ ಬಂದವರಲ್ಲ. ಹೊಲದ ಬದುವಿನಲ್ಲಿ ಗಂಡನ ಸಮಾಧಿ ಇತ್ತು. ಕಲ್ಲು ನೆಟ್ಟು, ಸುಣ್ಣ ಬಳಿದು, ವರ್ಷಕ್ಕೊಮ್ಮೆ ಎಡೆ ಇಡುತ್ತಿದ್ದರು. ಸರ್ವೆಯವರ ಗುರುತು ಅದರ ಆಚೆಗೆ ಬಿದ್ದಿತ್ತು. "ಹೊಲ ತಗಳ್ಳಿ ಕಣವ್ವ, ಯಜಮಾನ್ರನ್ನ ಎಲ್ಲಿಗೆ ಅಂತ ಕರ್ಕೊಂಡೋಗ್ಲಿ?" ಮಾಲ್ಕಿಗಳ ಪಟ್ಟಿಯ ನಮೂನೆ ನನ್ನ ಮುಂದೆ ಇತ್ತು. ಮರ, ಬೋರ್‌ವೆಲ್, ಪೈಪ್‌ಲೈನ್, ಕಟ್ಟಡ. ಸಮಾಧಿಗೆ ಕಾಲಂ ಇರಲಿಲ್ಲ. ನಾನು ರೈಟರ ಮುಖ ನೋಡಿದೆ. "ಬರಿಯಮ್ಮ. ಕಾಲಂ ಇಲ್ಲ ಅಂತ ಹೇಳೋ ಕೆಲಸ ಅವರ್ದು, ನಮ್ದಲ್ಲ" ಎಂದರು. 'ಸಮಾಧಿ: 1' ಎಂದು ಹೊಡೆದೆ. ಅಜ್ಜಿ ಹೆಬ್ಬೆಟ್ಟೊತ್ತಿ, ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದರು. ರೈಟರು ಅದನ್ನು ಮುಟ್ಟಲಿಲ್ಲ. ಅವರು ದುಡ್ಡು ಬೇಡ ಎಂದದ್ದನ್ನು ನಾನು ಬೇರೆ ಯಾವತ್ತೂ ಕಾಣೆ. ಆಸಾಮಿ ಬಲು ಬಿಗಿ. ಪರಿಹಾರದ ಪಟ್ಟಿಯಲ್ಲಿ ಸಮಾಧಿ ಬರಲಿಲ್ಲ. ಆ ಜಾಗದಲ್ಲಿ ಈಗ ಸರ್ವಿಸ್ ರಸ್ತೆ ಇದೆ.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಕತೆಯನ್ನೂ ಹೇಳಬೇಕು. ನಾನು ಹುಟ್ಟಿದ್ದು ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿ. ಬಿ.ಎಚ್. ರೋಡ್, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಸರ್ಕಾರ ನಂಬರು ಬದಲಾಯಿಸಿ 73 ಮಾಡಿದ್ದರೂ ನಮಗೆ ಅದು ಇನ್ನೂ 206. ಆಗ ಎರಡೂ ಬದಿಗೆ ಹುಣಸೆ ಮರಗಳು. ಊರಿನ ಹಿರಿಯರು ಡಾಬ್ಸ್ ದೊರೆ ಹಾಕಿಸಿದ್ದು ಎನ್ನುತ್ತಿದ್ದರು. ಕಬ್ಬನ್ನರ ಆಡಳಿತದಲ್ಲಿ ಇಲ್ಲಿದ್ದ, ಡಾಬಸ್‌ಪೇಟೆಗೆ ಹೆಸರು ಬಿಟ್ಟುಹೋದ ದೊರೆ. ಅವನೇ ಹಾಕಿಸಿದನೋ, ಹಳೆಯದನ್ನೆಲ್ಲ ಅವನ ತಲೆಗೆ ಕಟ್ಟುವುದು ನಮ್ಮ ಕಡೆಯ ರೂಢಿಯೋ.

ಹುಣಸೆ ಫಸಲು ವರ್ಷಕ್ಕೊಮ್ಮೆ ಹರಾಜಾಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಹರಾಜು ಹಿಡಿದವನ ಕಡೆಯವರು ಗಳು ಹಿಡಿದು ಮರ ಹತ್ತಿ ಬಡಿಯುತ್ತಿದ್ದರು. ಕೆಳಗೆ ರಸ್ತೆಯ ಮೇಲೇ ಕಾಯಿ ಉದುರುತ್ತಿತ್ತು. ಬಸ್ಸು ಬಂದರೆ ಡ್ರೈವರು ನಿಲ್ಲಿಸಿ ಕಾಯುತ್ತಿದ್ದ, ಅವನಿಗೂ ಒಂದು ಹಿಡಿ. ನಮ್ಮಜ್ಜಿಯ ಜೊತೆ ನಾವು ಮಕ್ಕಳು ಜಗಲಿಯಲ್ಲಿ ಕೂತು ಹಣ್ಣು ಕುಟ್ಟಿ ಬೀಜ, ನಾರು ಬಿಡಿಸಿ ಕೊಡುತ್ತಿದ್ದೆವು, ಕೆ.ಜಿ.ಗೆ ಇಷ್ಟು ಎಂದು ಕೂಲಿ. ಬೆರಳ ಸಂದಿ ಒಡೆದು ಉರಿಯುತ್ತಿತ್ತು. ಬೀಜ ಹುರಿದು ತಿನ್ನಲು ಬಿಡುತ್ತಿದ್ದರು. ಅದನ್ನು ಈಗ ಸವಿನೆನಪು ಎಂದು ಬರೆಯುವವರಿದ್ದಾರೆ. ಆ ಉರಿ ನೆನಪಿರುವ ನನಗೆ ಅಷ್ಟು ಸಲೀಸಾಗಿ ಬರೆಯಲಾಗುವುದಿಲ್ಲ. ಆದರೆ ನಮ್ಮ ಮನೆಯ ಹೆಂಗಸರ ಕೈಗೆ ಅವರದೇ ದುಡ್ಡು ಬರುತ್ತಿದ್ದದ್ದು ಆ ಎರಡು ತಿಂಗಳು ಮಾತ್ರ.

ತುಮಕೂರು–ಶಿವಮೊಗ್ಗ ರಸ್ತೆಯನ್ನು ನಾಲ್ಕು ಪಥ ಮಾಡಲು ಹೊರಟಾಗ ಕಾಲ ಬದಲಾಗಿತ್ತು. 2013ರ ಹೊಸ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ 2015ರಿಂದ ಹೆದ್ದಾರಿಗೂ ಬಂತು. ಬೆಲೆ ಕಟ್ಟಿ, ಅದರ ಮೇಲೆ ಅಷ್ಟೇ ಸೊಲೇಷಿಯಂ. ಪೂನಾ ರಸ್ತೆಯವರಿಗೆ ಸಿಕ್ಕಿದ್ದನ್ನು ಕಂಡಿದ್ದ ನಮ್ಮೂರಿನವರಿಗೆ ನಂಬಿಕೆಯೇ ಬರಲಿಲ್ಲ. ಮೊದಲು ಪ್ರತಿಭಟನೆ ಮಾಡಿದವರು ಹಣ ಬಂದ ಮೇಲೆ, ಉಳಿದ ತುಂಡು ಜಮೀನನ್ನೂ ಯಾಕೆ ಬಿಟ್ಟಿರಿ, ಅದನ್ನೂ ತಗೊಳ್ಳಿ ಎಂದು ಅರ್ಜಿ ಕೊಟ್ಟರು. ಇದು ಹಾಸ್ಯವಲ್ಲ, ನಾನೇ ಕರಡು ನೋಡಿಕೊಟ್ಟಿದ್ದೇನೆ.

ಹಣ ಕೈಗೆ ಬರಬೇಕಾದರೆ ವಂಶವೃಕ್ಷ ಬೇಕು. ಅಣ್ಣ ನಾಡಕಚೇರಿಗೆ ಅಲೆದು ಮಾಡಿಸಿದ. ಅಲ್ಲಿಯವರೆಗೆ ಬ್ಯಾಂಕಿನ ಸಾಲಕ್ಕೆ, ಖಾತೆಗೆ ಎಂದು ಮನೆಯಲ್ಲಿ ಓಡಾಡಿದ ಕಾಗದಗಳಲ್ಲಿ ಅಪ್ಪ, ಅಣ್ಣ, ತಮ್ಮ ಅಷ್ಟೇ ಇದ್ದದ್ದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಕೇಂದ್ರ 2005ರಲ್ಲಿ ಮಾಡಿತು. ನಮ್ಮ ಮನೆಗೆ ಅದನ್ನು ತಂದದ್ದು ಹೆದ್ದಾರಿ. ನಮ್ಮ ಹೆಸರೂ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಬೇಕು ಎಂದು ಕಚೇರಿಯಲ್ಲಿ ಹೇಳಿದರಂತೆ. ಅಣ್ಣ ಸೀರೆ, ಹೂವು, ಬಾಳೆಹಣ್ಣು ತಂದು "ಒಂದು ಸೈನ್ ಅಷ್ಟೇ ಕಣವ್ವ" ಎಂದ. ಅಕ್ಕ ಹಾಕಿದಳು. ನಾನು ಹಾಕಲಿಲ್ಲ. ಎಷ್ಟೋ ತಂಗಿಯರ ಬಿಡುಗಡೆ ಪತ್ರಗಳನ್ನು ನನ್ನ ಕೈಯಾರೆ ಹೊಡೆದಿದ್ದೆನಲ್ಲ, ಆ ಒಕ್ಕಣೆ ಏನೆಂದು ನನಗೆ ಗೊತ್ತಿತ್ತು. ಅಣ್ಣ ಒಂದು ವರ್ಷ ಮಾತು ಬಿಟ್ಟ, ಆಮೇಲೆ ಸರಿಹೋದ. ಸದಾಶಿವನಗರದ ನಮ್ಮ ಮನೆಯ ಮಹಡಿ ಆ ಹಣದಲ್ಲಿ ಕಟ್ಟಿದ್ದು. ಹಾಗಾಗಿ ಹೆದ್ದಾರಿ ಬಂದು ಹಳ್ಳಿ ಹಾಳಾಯಿತು ಎಂದು ನಾನು ಬರೆದರೆ ಅದು ನನ್ನ ಮಹಡಿಯ ಮೇಲೆ ಕೂತು ಬರೆದ ಮಾತಾಗುತ್ತದೆ.

ಹುಣಸೆ ಮರಗಳಿಗೆ ಯಾರೂ ಅರ್ಜಿ ಹಾಕಲಿಲ್ಲ. ಅವು ಸರ್ಕಾರದ ಜಾಗದಲ್ಲಿ ಸರ್ಕಾರದ ಮರ. ಗರಗಸದ ಮಷೀನು ಬಂದಾಗ ಊರಿನವರೇ ಸೌದೆಗೆ ಕೊಂಬೆ ಎಳೆದುಕೊಂಡು ಹೋದರು. ಮರದ ಕೆಳಗೆ ಗಾಡಿ ಹೋಟೆಲ್ ಇಟ್ಟುಕೊಂಡಿದ್ದ ದಂಪತಿಗೂ ಪರಿಹಾರದ ಮಾತಿರಲಿಲ್ಲ, ಪಹಣಿಯೇ ಇಲ್ಲದವರಿಗೆ ಏನು ಕೊಡುತ್ತಾರೆ? ಬೀಜ ಬಿಡಿಸುವ ಕೂಲಿ ಕಳೆದುಕೊಂಡ ಹೆಂಗಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹೆದ್ದಾರಿ ಕಾಯ್ದೆಯ ಪ್ರಕಾರ ಆಕ್ಷೇಪಣೆ ಸಲ್ಲಿಸಬಹುದಾದವರು ಆ ಭೂಮಿಯಲ್ಲಿ ಹಿತಾಸಕ್ತಿ ಉಳ್ಳವರು. ರೈಟರ ಭಾಷೆಯಲ್ಲಿ ಹೇಳುವುದಾದರೆ ಪಹಣಿ ಇದ್ದವರು. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಹುಟ್ಟಿದ ಹೆಂಗಸು, ಸಾಲುಮರದ ತಿಮ್ಮಕ್ಕ. ಮದುವೆಯಾಗಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಹೋಗಿ, ಕೂಲಿ ಮಾಡುತ್ತ, ಗಂಡ ಚಿಕ್ಕಯ್ಯನ ಜೊತೆ ನೀರು ಹೊತ್ತು ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿ ಬೆಳೆಸಿದವರು. ಕುಣಿಗಲ್ಲಿಗೆ ಅದೇನು ದೂರವಲ್ಲ. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು ಹೊರಟಾಗ ಆ ಮರಗಳಿಗೂ ಕುತ್ತು ಬಂತು. 2019ರ ಜೂನ್‌ನಲ್ಲಿ ನೂರು ದಾಟಿದ ಅಜ್ಜಿ ಮುಖ್ಯಮಂತ್ರಿಯನ್ನೇ ಕೇಳಿಕೊಂಡರು, ನನ್ನ ಮರ ಕಡಿಯಬೇಡಿ ಎಂದು. ಬೇರೆ ದಾರಿ ಹುಡುಕಿ ಎಂದು ಕುಮಾರಸ್ವಾಮಿ ಸರ್ಕಾರ ಅಧಿಕಾರಿಗಳಿಗೆ ಹೇಳಬೇಕಾಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡಾಗ ಟಿ.ವಿ.ಯಲ್ಲಿ ಇದನ್ನೆಲ್ಲ ಮತ್ತೆ ತೋರಿಸಿದರು. ಆ ಅಜ್ಜಿ ನಮ್ಮ ಅಂಗಡಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸಿದೆ. ಜಮೀನಿಲ್ಲ, ಪಹಣಿಯಿಲ್ಲ, ಮರ ಇರುವುದು ರಸ್ತೆಯ ಜಾಗದಲ್ಲಿ. ಆದರೆ ಎಲ್ಲಿಂದ ಎಲ್ಲಿಯವರೆಗೆ, ಯಾವ ಜಾತಿಯ ಮರ ಎಂಬುದು ಬಾಯಲ್ಲೇ ಇತ್ತು. 385 ಎಂದು ಎಲ್ಲ ಕಡೆ ಅಚ್ಚಾಗಿರುವ ಲೆಕ್ಕವೂ ಇತ್ತು. ರೈಟರು ಮರದ ಕಾಲಮ್ಮಿನಲ್ಲಿ ಅದನ್ನು ಬರೆಸದೆ ಬಿಡುತ್ತಿರಲಿಲ್ಲ.

ಟೋಲಿನ ಜಗಳದಲ್ಲೂ ಹೀಗೇ, ಲೆಕ್ಕ ಹಿಡಿದು ಕೇಳಬೇಕು. ಮದುವೆಯಾದ ಮೇಲೆ ನಮ್ಮ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಮೊದಮೊದಲು ಗೇಟಿನಲ್ಲಿ ಗಾಜಿಳಿಸಿ "ಲೋಕಲ್ ಕಣ್ರೀ" ಎಂದರೆ ನಡೆಯುತ್ತಿತ್ತು. ಗೇಟಿನಲ್ಲಿ ಕೂತ ಹುಡುಗನೂ ಪಕ್ಕದ ಹಳ್ಳಿಯವನೇ. ಕೆಲವೊಮ್ಮೆ ಬೈಗುಳ, ಕೆಲವೊಮ್ಮೆ ಕೈಕೈ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಆ ಮಾತೇ ಮುಗಿಯಿತು, ಟ್ಯಾಗ್ ಓದುವ ಯಂತ್ರಕ್ಕೆ ಲೋಕಲ್ ಯಾರೆಂದು ಗೊತ್ತಿಲ್ಲ. ಗೇಟಿನಿಂದ 20 ಕಿಲೊಮೀಟರ್ ಒಳಗಿನವರ ಸ್ವಂತ ವಾಹನಕ್ಕೆ ತಿಂಗಳ ಪಾಸು 2008ರ ನಿಯಮದಲ್ಲೇ ಇದೆ. ಕೇಳಿ ಮಾಡಿಸಿಕೊಂಡವರಿಗಿಂತ ಗೇಟಿನಲ್ಲಿ ಕೂಗಾಡಿದವರೇ ಹೆಚ್ಚು.

ಕೂಗಾಡದೆ ಗೆದ್ದವರಿಲ್ಲ, ಅದು ನಿಜ. ಸುರತ್ಕಲ್‌ನ ಎನ್‌ಐಟಿಕೆ ಹತ್ತಿರದ ಟೋಲ್ ಗೇಟಿಗೆ 2022ರ ಅಕ್ಟೋಬರ್ 18ರಂದು ಜನ ಮುತ್ತಿಗೆ ಹಾಕಿದರು, ತಿಂಗಳ ಕೊನೆಗೆ ಹಗಲು ರಾತ್ರಿ ಧರಣಿ ಕೂತರು, ಡಿಸೆಂಬರ್ 1ರಿಂದ ವಸೂಲಿ ನಿಂತಿತು. ವರ್ಷಗಟ್ಟಲೆ ಅವರು ಹೇಳಿದ್ದು ಒಂದೇ ಲೆಕ್ಕ: ಒಂದೇ ಹೆದ್ದಾರಿಯ ಎರಡು ಗೇಟುಗಳ ನಡುವೆ 60 ಕಿಲೊಮೀಟರ್ ಇರಬೇಕು ಎಂದು ನಿಯಮ ಹೇಳುತ್ತದೆ, ಹೆಜಮಾಡಿಯ ಗೇಟು ಇಲ್ಲೇ ಪಕ್ಕದಲ್ಲಿದೆ. ಅದಕ್ಕೆ ಉತ್ತರ ಕೊಡಲು ಯಾರಿಗೂ ಆಗಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮಾರ್ಚ್ 14ರಂದು ಟೋಲ್ ಶುರುವಾದಾಗಲೂ ದೊಡ್ಡ ಗಲಾಟೆಯಾಯಿತು, ಸರ್ವಿಸ್ ರಸ್ತೆ ಮುಗಿಸದೆ ದುಡ್ಡು ಕೇಳುತ್ತೀರಾ ಎಂದು. ಪಕ್ಷಗಳು ಬಂದವು, ಬಾವುಟ ಬಂದವು. ಗಲಾಟೆ ಇಳಿಯಿತು, ಟೋಲ್ ಉಳಿಯಿತು. ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದಲೇ ಹೊರಗಿಟ್ಟರು.

ನಮ್ಮ ಊರಿನವರು ಪಶ್ಚಾತ್ತಾಪಪಡುವುದು ಭೂಮಿಗಲ್ಲ, ಮರಕ್ಕೂ ಅಲ್ಲ, ದಾಟುವ ದಾರಿಗೆ. ಕಾಮಗಾರಿ ನಡೆಯುವಾಗ ಎಲ್ಲರ ಗಮನ ಚೆಕ್ಕಿನ ಮೇಲಿತ್ತು. ರಸ್ತೆ ಮುಗಿದ ಮೇಲೆ ನೋಡಿದರೆ ಊರು ಈಕಡೆ, ತೋಟ ಆಕಡೆ, ನಡುವೆ ಡಿವೈಡರ್. ಹಸು ಹೊಡೆದುಕೊಂಡು ಹೋಗಲು ಮೈಲಿ ಸುತ್ತಬೇಕು. ಆಮೇಲೆ ಅಂಡರ್‌ಪಾಸ್ ಬೇಕೆಂದು ರಸ್ತೆ ತಡೆ ಮಾಡಿದರು, ಮನವಿ ಕೊಟ್ಟರು. ಹಾಕಿದ ಡಾಂಬರು ಅಗೆದು ಅಂಡರ್‌ಪಾಸ್ ಯಾರು ಮಾಡಿಕೊಡುತ್ತಾರೆ? ಈಗ ಡಿವೈಡರಿನ ಸಂದಿಯಲ್ಲಿ ಜನ ನುಸುಳುತ್ತಾರೆ. ಅಲ್ಲಿ ಸತ್ತವರಲ್ಲಿ ನನ್ನ ಜೊತೆ ಹುಣಸೆ ಬೀಜ ಬಿಡಿಸಿದ ಒಬ್ಬಳಿದ್ದಾಳೆ.

ಹಾಗಾಗಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ರಸ್ತೆಗೆ ಜಮೀನು ಹೋಗುವ ಸುದ್ದಿ ಕೇಳಿದವರಿಗೆ ಹಳೆಯ ಟೈಪಿಸ್ಟಿನ ಮಾತು ಇಷ್ಟೇ. ಪೇಪರಿನ ಪ್ರಕಟಣೆಗಳ ಪುಟ ಬಿಡದೆ ನೋಡಿ, ತಾರೀಖಿರುವ ಮೂಲೆ ಹರಿಯಬೇಡಿ. ತ್ರೀ ಎ ಬಂದ ಮೇಲೆ ಕೈಯಲ್ಲಿರುವುದು 21 ದಿನ. ಅರ್ಜಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಮರ, ಬಾವಿ ಬರೆಯಿರಿ. ಸಮಾಧಿ ಇದ್ದರೆ ಅದನ್ನೂ ಬರೆಯಿರಿ. ಊರಿನವರೆಲ್ಲ ಸೇರಿ ಬೇರೊಂದು ಮನವಿ ಕೊಟ್ಟು, ಜನ, ದನ, ಶಾಲೆಯ ಮಕ್ಕಳು ಎಲ್ಲಿ ದಾಟುತ್ತಾರೆ ಎಂದು ನಕ್ಷೆಯಲ್ಲಿ ಗುರುತು ಮಾಡಿ ಅಂಡರ್‌ಪಾಸ್ ಕೇಳಿ. ಚೆಕ್ ಬರುವ ಮೊದಲೇ ಕೇಳಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.